ಗೆದ್ದರೆ ಬಂಧನ, ಸೋತರೆ ಬಿಡುಗಡೆ: ಫ್ರಾನ್ಸಿಸ್ ಎನ್‌ಗಾನೂ ಪ್ರಕರಣ

2022ರ ಜನವರಿ 22ರ ರಾತ್ರಿ, ಕ್ಯಾಲಿಫೋರ್ನಿಯಾದ ಅನಾಹೈಮ್. ನಮ್ಮಲ್ಲಿ ಭಾನುವಾರ ಬೆಳಗ್ಗೆ ತಿಂಡಿ ಮುಗಿಸುವ ಹೊತ್ತು. ಪಂಜರದಂಥ ಕಣದಲ್ಲಿ ಮುಷ್ಟಿ, ಒದೆತ, ಕುಸ್ತಿ ಬೆರೆಸಿ ಆಡುವ ಎಂಎಂಎ ಆಟದ ಕಂಪನಿ ಯುಎಫ್‌ಸಿ. ಅದರ ಹೆವಿವೇಟ್ ಚಾಂಪಿಯನ್ ಫ್ರಾನ್ಸಿಸ್ ಎನ್‌ಗಾನೂ ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಪಂಜರದೊಳಗೆ ಕಾಲಿಟ್ಟರು. ಆ ಪಟ್ಟಿಯ ಒಳಗೇನಾಗಿದೆ ಎಂಬುದು ಅವರ ಬಳಗದ ಕೆಲವರಿಗೆ ಮಾತ್ರ ಗೊತ್ತಿತ್ತು. ಮೂರು ವಾರದ ಹಿಂದೆ ಅಭ್ಯಾಸದಲ್ಲಿ ಮೊಣಕಾಲನ್ನು ಹಿಡಿದಿಡುವ ಅಸ್ಥಿರಜ್ಜುಗಳಲ್ಲಿ ಎಂಸಿಎಲ್ ಪೂರ್ತಿ ಹರಿದಿತ್ತು, ಎಸಿಎಲ್‌ಗೂ ಪೆಟ್ಟು ಬಿದ್ದಿತ್ತು. ಈ ಫೈಟ್ ಬೇಡ ಎಂದು ವೈದ್ಯರು ಹೇಳಿದ್ದರು. ನಡೆಯುವಾಗಲೇ ಜಾರುವ ಮೊಣಕಾಲಿನ ಮೇಲೆ ನೂರ ಹದಿನೈದು ಕಿಲೋ ಮೀರಿದ ದೇಹ ಹೊತ್ತು ಐದು ಸುತ್ತು ಸೆಣಸಬೇಕು. ಎದುರಿಗೆ ಆವರೆಗೆ ಒಮ್ಮೆಯೂ ಸೋಲದ ಫ್ರೆಂಚ್ ಆಟಗಾರ ಸಿರಿಲ್ ಗಾನ್.

ಮೊಣಕಾಲಿಗಿಂತ ದೊಡ್ಡ ತೊಡಕು ಕಾಗದದಲ್ಲಿತ್ತು. ಎನ್‌ಗಾನೂ ಯುಎಫ್‌ಸಿ ಜೊತೆ ಮಾಡಿಕೊಂಡಿದ್ದ ಒಪ್ಪಂದದ ಕೊನೆಯ ಫೈಟ್ ಇದು. ಸೋತರೆ ಒಪ್ಪಂದ ಮುಗಿಯುತ್ತದೆ, ಎಲ್ಲಿಗೆ ಬೇಕಾದರೂ ಹೋಗಬಹುದು. ಆದರೆ ಬೆಲ್ಟ್ ಕಳೆದುಕೊಂಡು, ಕಾಲು ಮುರಿದುಕೊಂಡ 35 ವರ್ಷದವನನ್ನು ಕರೆದು ಹಣ ಕೊಡುವವರು ಯಾರು? ಗೆದ್ದರೆ ಬೆಲೆ ಏರುತ್ತದೆ. ಆದರೆ ಚಾಂಪಿಯನ್ ಆದವನ ಒಪ್ಪಂದವನ್ನು ತಾನಾಗಿಯೇ ಇನ್ನೂ ಮೂರು ಫೈಟ್ ಅಥವಾ ಒಂದು ವರ್ಷದ ಮಟ್ಟಿಗೆ ಹಿಗ್ಗಿಸುವ ಷರತ್ತೊಂದಿದೆ. ಗೆದ್ದವನು ಕಟ್ಟಿಗೆ ಸಿಗುತ್ತಾನೆ, ಸೋತವನು ಬೆಲೆ ಕಳೆದುಕೊಂಡು ಬಿಡುಗಡೆಯಾಗುತ್ತಾನೆ. ಅಡಕತ್ತರಿಗೆ ಸಿಕ್ಕ ಅಡಿಕೆಯ ಪಾಡು.

ಎನ್‌ಗಾನೂ ಬಗ್ಗೆ ಮಾತು ಬಂದಾಗಲೆಲ್ಲ ಜನ ಅವರ ಮುಷ್ಟಿಯ ಏಟನ್ನೇ ನೆನೆಯುತ್ತಾರೆ. ನನ್ನ ಮಟ್ಟಿಗೆ ಅವರ ವೃತ್ತಿಜೀವನದ ಅತಿ ಕಠಿಣ ಸೆಣಸು ನಡೆದದ್ದು ಆ ಕಾಗದದ ಜೊತೆ. ಈ ಆಟದಲ್ಲಿ ಒಬ್ಬ ಮನುಷ್ಯನ ದುಡಿಮೆಯನ್ನು ಯಾರು ಹೇಗೆ ಹಿಡಿದಿಟ್ಟಿರುತ್ತಾರೆ ಎಂಬುದನ್ನು ಇಷ್ಟು ಬಿಡಿಸಿ ತೋರಿಸಿದ ಪ್ರಕರಣ ಇನ್ನೊಂದು ನನಗೆ ಕಂಡಿಲ್ಲ.

ಮರಳಿನ ಗುಂಡಿಯಿಂದ

ಎನ್‌ಗಾನೂ ಹುಟ್ಟಿದ್ದು 1986ರ ಸೆಪ್ಟೆಂಬರ್ 5ರಂದು, ಕ್ಯಾಮರೂನ್ ದೇಶದ ಪಶ್ಚಿಮ ಭಾಗದ ಬಾಟಿಯೇ ಎಂಬ ಊರಲ್ಲಿ. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಬೇರೆಯಾದರು, ಹುಡುಗ ನೆಂಟರ ಮನೆಗಳಲ್ಲಿ ಬೆಳೆದ. ಹತ್ತು ಹನ್ನೆರಡರ ವಯಸ್ಸಿಗೇ ಮರಳು ತೆಗೆಯುವ ಗುಂಡಿಯಲ್ಲಿ ಸಲಿಕೆ ಹಿಡಿಯಬೇಕಾಯಿತು. ದಿನವಿಡೀ ಅಗೆದು ಲಾರಿಗೆ ತುಂಬಿದರೂ ಕೈಗೆ ಬರುತ್ತಿದ್ದದ್ದು ಎರಡು ಡಾಲರಿಗೂ ಕಡಿಮೆ. ಅಪ್ಪನಿಗೆ ಊರಲ್ಲಿ ಬೀದಿ ಜಗಳಗಂಟ ಎಂಬ ಹೆಸರಿತ್ತು. ನಿನ್ನ ಮೈಯಲ್ಲೂ ಅದೇ ರಕ್ತ ಎಂದು ಜನ ಆಡಿಕೊಂಡಾಗ, ಆ ಕಸುವನ್ನು ಬೇರೆ ದಾರಿಗೆ ಹಚ್ಚಬೇಕೆಂದು ಹುಡುಗ ಬಾಕ್ಸಿಂಗ್ ಕನಸು ಕಂಡ. ಗ್ಲೌಸ್ ತೊಟ್ಟು ಸರಿಯಾಗಿ ಕಲಿಯಲು ಶುರು ಮಾಡಿದ್ದು 22ರ ವಯಸ್ಸಿನಲ್ಲಿ. ನಮ್ಮ ಗರಡಿಗಳಲ್ಲಿ ಆ ವಯಸ್ಸಿಗೆ ಪೈಲ್ವಾನನೊಬ್ಬ ಹತ್ತು ವರ್ಷದ ಮಣ್ಣು ಮೈಗೆ ಹಚ್ಚಿಕೊಂಡಿರುತ್ತಾನೆ.

2012ರಲ್ಲಿ ಊರು ಬಿಟ್ಟರು. ನೈಜರ್, ಸಹಾರಾ ಮರುಭೂಮಿ, ಅಲ್ಜೀರಿಯಾ, ಮೊರಾಕ್ಕೊ. ಮೊರಾಕ್ಕೊದಿಂದ ಗಾಳಿ ತುಂಬಿದ ತೆಪ್ಪದಲ್ಲಿ ಸ್ಪೇನ್‌ಗೆ ದಾಟಲು ಮತ್ತೆ ಮತ್ತೆ ಯತ್ನ, ಪ್ರತಿ ಸಲ ಹಿಡಿದು ಮರುಭೂಮಿಯ ಅಂಚಿಗೆ ತಂದು ಬಿಡುವುದು. ಮುಳ್ಳುತಂತಿ ಹತ್ತುವಾಗ ಆದ ಗಾಯದ ಗುರುತು ಈಗಲೂ ಮೈಮೇಲಿದೆ. ಕೊನೆಗೂ ದಾಟಿದಾಗ ಸ್ಪೇನ್‌ನಲ್ಲಿ ಸುಮಾರು ಎರಡು ತಿಂಗಳ ಬಂಧನ. 2013ರಲ್ಲಿ ಪ್ಯಾರಿಸ್ ತಲುಪಿದಾಗ ಮಲಗಲು ಸಿಕ್ಕಿದ್ದು ಒಂದು ಕಾರ್ ಪಾರ್ಕಿಂಗ್ ಜಾಗ.

ಈ ಕತೆಯನ್ನು ಎಲ್ಲರೂ ಕಣ್ಣೀರಿಡುವಂತೆ ಹೇಳುತ್ತಾರೆ. ಯುಎಫ್‌ಸಿಯ ಪ್ರಚಾರ ಚಿತ್ರಗಳಲ್ಲೂ ಮರಳಿನ ಗುಂಡಿ ಹಲವು ಸಲ ಬಂದಿದೆ. ನಾನು ಇಲ್ಲಿ ಅದನ್ನು ತಂದದ್ದು ಬೇರೆ ಕಾರಣಕ್ಕೆ. ಹದಿನಾಲ್ಕು ತಿಂಗಳು ಗಡಿಯಿಂದ ಗಡಿಗೆ ಕಾದವನಿಗೆ ಕಾಯುವುದು ಗೊತ್ತಿರುತ್ತದೆ. ಮುಂದೆ ಒಂದು ಕಂಪನಿಯ ಎದುರು ವರ್ಷಗಟ್ಟಲೆ ಕೂತು ಬೇಡ ಎನ್ನಬೇಕಾಗಿ ಬಂದಾಗ ಒದಗಿದ್ದು ಆ ಗುಣ.

ಪ್ಯಾರಿಸ್‌ನಲ್ಲಿ ಬಾಕ್ಸಿಂಗ್ ಜಿಮ್ ಹುಡುಕಿ ಹೋದವರನ್ನು ಅಲ್ಲಿನ ಕೋಚ್ ಡಿಡಿಯೆ ಕಾರ್ಮೋಂ ಅವರು ಎಂಎಂಎ ಕಡೆ ತಿರುಗಿಸಿದರು. ಎಂಎಂಎ ಫ್ಯಾಕ್ಟರಿ ಎಂಬ ಜಿಮ್ ನಡೆಸುತ್ತಿದ್ದ ಫರ್ನಾಂಡ್ ಲೋಪೆಜ್ ಕಲಿಸಿದರು. 2013ರ ನವೆಂಬರ್‌ನಲ್ಲಿ ಮೊದಲ ಫೈಟ್, 2015ರ ಡಿಸೆಂಬರ್‌ನಲ್ಲಿ ಯುಎಫ್‌ಸಿ. ಎರಡೇ ವರ್ಷ. 2017ರ ಡಿಸೆಂಬರ್‌ನಲ್ಲಿ ಅಲಿಸ್ಟೇರ್ ಓವರೀಮ್ ಅವರನ್ನು ಎಡಗೈಯ ಒಂದೇ ಏಟಿಗೆ ಮಲಗಿಸಿದ ದೃಶ್ಯ ಲೋಕವೆಲ್ಲ ಸುತ್ತಿತು.

ಜೋಡಿ ಕಟ್ಟುವವರ ಕೈ

ಇಲ್ಲಿ ವ್ಯವಸ್ಥೆಯ ಬಗ್ಗೆ ಸ್ವಲ್ಪ ಹೇಳಬೇಕು. ಅದು ತಿಳಿಯದೆ ಈ ಪ್ರಕರಣದ ತಲೆಬುಡ ಅರ್ಥವಾಗದು.

ಮೈಸೂರು ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವ ಕಾರ್ಯಕ್ರಮ ಇರುತ್ತದೆ. ಯಾರಿಗೆ ಯಾರು ಸಮ ಎಂದು ಹಿರಿಯ ಉಸ್ತಾದರು ಎಲ್ಲರೆದುರು ನಿಂತು ನಿರ್ಧರಿಸುತ್ತಾರೆ. ಪೈಲ್ವಾನ್ ಆ ಕಣದಲ್ಲಿ ಆಡಿ, ಮರುವಾರ ಇನ್ನೊಂದು ಊರಿನ ಜಾತ್ರೆಯ ಕಣಕ್ಕೆ ಹೋಗಬಹುದು. ಯಾರೂ ಅವನನ್ನು ನಮ್ಮ ಕಣದಲ್ಲಷ್ಟೇ ಆಡು ಎಂದು ಐದು ವರ್ಷಕ್ಕೆ ಬರೆಸಿಕೊಳ್ಳುವುದಿಲ್ಲ. ಯುಎಫ್‌ಸಿಯಲ್ಲಿ ಜೋಡಿ ಕಟ್ಟುವವರು, ಕಣ ಹಾಕುವವರು, ಬೆಲ್ಟ್ ಕೊಡುವವರು, ಸಂಭಾವನೆ ಕೊಡುವವರು ಎಲ್ಲ ಒಂದೇ ಕಂಪನಿ. ಒಪ್ಪಂದ ಇರುವ ತನಕ ಬೇರೆ ಕಣದಲ್ಲಿ ಆಡುವಂತಿಲ್ಲ. ಆಟಗಾರ ಕಾಗದದ ಮೇಲೆ ಕಂಪನಿಯ ನೌಕರನಲ್ಲ, ಸ್ವತಂತ್ರ ಗುತ್ತಿಗೆದಾರ. ನೌಕರನಿಗೆ ಸಿಗುವ ಸೌಲಭ್ಯವೂ ಇಲ್ಲ, ಗುತ್ತಿಗೆದಾರನಿಗೆ ಇರಬೇಕಾದ ಸ್ವಾತಂತ್ರ್ಯವೂ ಇಲ್ಲ. 2015ರಲ್ಲಿ ರೀಬಾಕ್ ಜೊತೆ ಸಮವಸ್ತ್ರದ ಒಪ್ಪಂದ ಆದ ಮೇಲೆ ಚಡ್ಡಿಯ ಮೇಲೆ ತಮ್ಮದೇ ಪ್ರಾಯೋಜಕರ ಹೆಸರು ಹಾಕಿಕೊಳ್ಳುವ ದಾರಿಯೂ ಮುಚ್ಚಿತು. ಎಷ್ಟೋ ಕೆಳಹಂತದ ಆಟಗಾರರಿಗೆ ಫೈಟ್‌ನ ಹಣಕ್ಕಿಂತ ಅದರದ್ದೇ ಆಸರೆ ಇತ್ತು.

ಬಾಕ್ಸಿಂಗ್‌ನಲ್ಲಿಯೂ ಹಿಂದೆ ಇಂಥ ಹಿಡಿತ ಇತ್ತು. 2000ದಲ್ಲಿ ಅಮೆರಿಕ ಮುಹಮ್ಮದ್ ಅಲಿ ಹೆಸರಿನ ಕಾಯ್ದೆ ತಂದು, ಪ್ರವರ್ತಕರು ತಮ್ಮ ಆದಾಯವನ್ನು ಬಾಕ್ಸರ್‌ಗೆ ತಿಳಿಸಬೇಕು, ಬಲವಂತದ ದೀರ್ಘ ಒಪ್ಪಂದ ಕೂಡದು ಎಂದಿತು. ಆ ಕಾಯ್ದೆ ಎಂಎಂಎಗೆ ಅನ್ವಯಿಸುವುದಿಲ್ಲ. 2014ರ ಡಿಸೆಂಬರ್‌ನಲ್ಲಿ ಕುಂಗ್ ಲೀ ಮತ್ತಿತರ ಆಟಗಾರರು ಯುಎಫ್‌ಸಿಯ ಏಕಸ್ವಾಮ್ಯದ ವಿರುದ್ಧ ಮೊಕದ್ದಮೆ ಹೂಡಿದಾಗ ಹೊರಬಿದ್ದ ಲೆಕ್ಕಪತ್ರಗಳ ಪ್ರಕಾರ, ಕಂಪನಿಯ ಆದಾಯದಲ್ಲಿ ಆಟಗಾರರ ಪಾಲು ಸುಮಾರು ಐದನೇ ಒಂದು ಭಾಗ. ಅಮೆರಿಕದ ಬಾಸ್ಕೆಟ್‌ಬಾಲ್, ಫುಟ್‌ಬಾಲ್ ಲೀಗ್‌ಗಳಲ್ಲಿ ಅದು ಹತ್ತಿರಹತ್ತಿರ ಅರ್ಧ.

ಆ ಮೊಕದ್ದಮೆಯ ಒತ್ತಡದ ನಡುವೆ ಯುಎಫ್‌ಸಿ ತನ್ನ ಒಪ್ಪಂದಗಳಲ್ಲಿ ಒಂದು ಸಣ್ಣ ಬದಲಾವಣೆ ಮಾಡಿತು. ಏನೇ ಆದರೂ ಐದು ವರ್ಷಕ್ಕೆ ಒಪ್ಪಂದ ಕೊನೆಯಾಗುತ್ತದೆ ಎಂಬ ಗಡಿ. ಎನ್‌ಗಾನೂ ಕೈಯಲ್ಲಿದ್ದ ಕಾಗದದಲ್ಲಿ ಆ ಸಾಲು ಇತ್ತು. ಚಾಂಪಿಯನ್ ಷರತ್ತು ಎಷ್ಟೇ ಹಿಗ್ಗಿದರೂ 2022ರ ಡಿಸೆಂಬರ್ ದಾಟಿ ಹೋಗುವಂತಿರಲಿಲ್ಲ. ಒಂದು ಸಾಲು, ಅಷ್ಟೇ. ಅದರ ಮೇಲೆ ಒಬ್ಬ ಮನುಷ್ಯನ ಉಳಿದ ಬದುಕು ನಿಂತಿತ್ತು.

ಸೋಲು ಕಲಿಸಿದ್ದು

2018ರ ಜನವರಿಯಲ್ಲಿ ಬಾಸ್ಟನ್‌ನಲ್ಲಿ ಆಗಿನ ಚಾಂಪಿಯನ್ ಸ್ಟೀಪೆ ಮಿಯೊಚಿಚ್ ಎದುರು ಬೆಲ್ಟ್‌ಗಾಗಿ ನಡೆದ ಫೈಟ್ ಎನ್‌ಗಾನೂ ಅವರ ಹುಳುಕನ್ನು ಬಯಲಿಗೆಳೆಯಿತು. ಮೊದಲ ಸುತ್ತಿನಲ್ಲಿ ಬೀಸಿದ ಏಟುಗಳು ಗಾಳಿಗೆ ಹೋದವು, ಉಸಿರು ಖಾಲಿಯಾಯಿತು. ಮಿಯೊಚಿಚ್ ಅವರನ್ನು ಎತ್ತಿ ಕೆಡವಿ, ಮೇಲೆ ಕೂತು, 25 ನಿಮಿಷ ಅರೆದರು. ಮೂವರು ತೀರ್ಪುಗಾರರೂ 50-44 ಎಂದು ಬರೆದರು. ಕುಸ್ತಿ ಗೊತ್ತಿಲ್ಲದ ಬಲಶಾಲಿಗೆ ಏನಾಗುತ್ತದೋ ಅದೇ ಆಯಿತು. ಜುಲೈನಲ್ಲಿ ಡೆರಿಕ್ ಲೂಯಿಸ್ ಎದುರಿನ ಫೈಟ್ ಇನ್ನೂ ಕಷ್ಟ. ಕೈ ಎತ್ತಲೇ ಹಿಂಜರಿದು, ಜನರ ಕೂಗಾಟದ ನಡುವೆ ಮತ್ತೆ ಸೋತರು. ಯುಎಫ್‌ಸಿ ಮುಖ್ಯಸ್ಥ ಡೇನಾ ವೈಟ್, ಅಹಂಕಾರ ತಲೆಗೇರಿದೆ ಎಂಬ ಅರ್ಥದಲ್ಲಿ ಬಹಿರಂಗವಾಗಿಯೇ ಮಾತಾಡಿದರು. ಸಂಬಂಧ ಹುಳಿಯಾಗತೊಡಗಿದ್ದು ಅಲ್ಲಿಂದ ಎಂದು ನನ್ನ ಭಾವನೆ.

ಎನ್‌ಗಾನೂ ಲಾಸ್ ವೇಗಸ್‌ನ ಎಕ್ಸ್‌ಟ್ರೀಮ್ ಕುಟೂರ್ ಜಿಮ್‌ನಲ್ಲಿ ಎರಿಕ್ ನಿಕ್ಸಿಕ್ ಅವರ ಬಳಿ ಪಟ್ಟುಗಳನ್ನು ಮೊದಲಿಂದ ಕಲಿತರು. ಹೊರಗೆ ಕಂಡದ್ದು ಬೇರೆ: ಬ್ಲೇಡ್ಸ್ ಎದುರು ಗೆಲ್ಲಲು 45 ಸೆಕೆಂಡು, ವೆಲಾಸ್ಕೆಜ್ 26, ದೊಸ್ ಸಾಂಟೊಸ್ 71, ರೊಜೆನ್‌ಸ್ಟ್ರೂಕ್ 20. ನಾಲ್ಕು ಗೆಲುವಿಗೆ ಒಟ್ಟು ಎರಡು ನಿಮಿಷ 42 ಸೆಕೆಂಡು! 2021ರ ಮಾರ್ಚ್ 27ರಂದು ಮಿಯೊಚಿಚ್ ಅವರನ್ನು ಎರಡನೇ ಸುತ್ತಿನಲ್ಲಿ ಮಲಗಿಸಿ ಬೆಲ್ಟ್ ಗೆದ್ದರು.

ಗೆದ್ದು ಐದು ತಿಂಗಳೂ ಆಗಿರಲಿಲ್ಲ. ಆಗಸ್ಟ್‌ನಲ್ಲಿ ಆಡಿ ಎಂದರು ಕಂಪನಿಯವರು, ಸೆಪ್ಟೆಂಬರ್‌ಗೆ ಸಿದ್ಧನಿರುತ್ತೇನೆ ಎಂದರು ಎನ್‌ಗಾನೂ. ಅವರಿಗಾಗಿ ಕಾಯದೆ ಆಗಸ್ಟ್ 7ರಂದೇ ಹ್ಯೂಸ್ಟನ್‌ನಲ್ಲಿ ಗಾನ್ ಮತ್ತು ಲೂಯಿಸ್ ನಡುವೆ, ಚಾಂಪಿಯನ್ ಆಡಲಾಗದಾಗ ಕೊಡುವ ಮಧ್ಯಂತರ ಬೆಲ್ಟ್‌ಗೆ ಫೈಟ್ ಇಟ್ಟರು. ಚಾಂಪಿಯನ್ ಆರೋಗ್ಯವಾಗಿದ್ದಾಗ, ಒಂದೇ ತಿಂಗಳು ಕೇಳಿದಾಗ, ಇನ್ನೊಂದು ಬೆಲ್ಟ್ ಮಾಡಿಸಿದ್ದು ಒಪ್ಪಂದದ ಮಾತುಕತೆಯಲ್ಲಿ ಕೈ ತಿರುಚುವುದಕ್ಕೇ ಎಂದು ನಾನು ನಂಬುತ್ತೇನೆ. ಬೆಲ್ಟ್ ಆಟಗಾರನ ಆಸ್ತಿ ಎಂದು ನಾವು ನೋಡುವವರು ಅಂದುಕೊಳ್ಳುತ್ತೇವೆ. ಅದು ಕಂಪನಿಯ ಸೊತ್ತು ಎಂಬುದನ್ನು ಆ ರಾತ್ರಿ ತೋರಿಸಿದರು.

ಗಾನ್ ಎನ್‌ಗಾನೂಗೆ ಹೊಸಬರೇನಲ್ಲ. ಪ್ಯಾರಿಸ್‌ನಲ್ಲಿ ಲೋಪೆಜ್ ಅವರ ಜಿಮ್‌ನಲ್ಲೇ ಬೆಳೆದವರು, ಹಿಂದೆ ಇಬ್ಬರೂ ಒಂದೇ ಮ್ಯಾಟ್ ಮೇಲೆ ಅಭ್ಯಾಸ ಮಾಡಿದ್ದರು. ಹಳೆಯ ಗುರು ಈಗ ಎದುರು ಮೂಲೆಯಲ್ಲಿ.

ಅನಾಹೈಮ್‌ನ 25 ನಿಮಿಷ

ಮೊದಲ ಎರಡು ಸುತ್ತು ಗಾನ್ ಅವರದ್ದೇ. ಹಗುರ ಹೆಜ್ಜೆ, ದೂರದಿಂದ ಒದೆತ, ಹತ್ತಿರ ಬರಲು ಬಿಡದ ಚುರುಕು. ಎನ್‌ಗಾನೂ ಬಲಗೈ ಬೀಸಲು ಕಾಲೂರಬೇಕು, ಕಾಲೂರಲು ಮೊಣಕಾಲು ಬಿಡುತ್ತಿಲ್ಲ. ಮೂರನೇ ಸುತ್ತಿನಲ್ಲಿ ಯಾರೂ ಎಣಿಸದ ಕೆಲಸ ಮಾಡಿದರು. ಗಾನ್ ಅವರನ್ನು ತಬ್ಬಿ ಹಿಡಿದು, ಎತ್ತಿ, ನೆಲಕ್ಕೆ ಹಾಕಿದರು. ಅರೇನಾ ಒಂದು ಕ್ಷಣ ಸ್ತಬ್ಧವಾಗಿ, ಮರುಕ್ಷಣ ಎದ್ದು ನಿಂತಿತು. ನಾಲ್ಕು ವರ್ಷದ ಹಿಂದೆ ನೆಲಕ್ಕೆ ಬಿದ್ದು ಏಳಲಾರದೆ ಒದ್ದಾಡಿದವರು ಈಗ ತಾವೇ ಕೆಡವುತ್ತಿದ್ದರು. ಒಟ್ಟು ನಾಲ್ಕು ಬಾರಿ ಕೆಡವಿದರು.

ಐದನೇ ಸುತ್ತಿನ ಹೊತ್ತಿಗೆ ಇಬ್ಬರೂ ಸಮ. ಗಾನ್ ಎನ್‌ಗಾನೂ ಅವರನ್ನು ಕೆಡವಿ ಮೇಲೆ ಬಂದರು. ಅಲ್ಲೇ ಕೂತಿದ್ದರೆ ಬೆಲ್ಟ್ ಅವರ ಕೈಸೇರುತ್ತಿತ್ತೇನೋ. ಬದಲಿಗೆ ಕಾಲು ತಿರುಚುವ ಪಟ್ಟು ಹಾಕಲು ಹೋದರು. ಹರಿದ ಮೊಣಕಾಲಿಗೆ ಕಾಲಿನ ಪಟ್ಟು! ಆ ಕ್ಷಣ ನೆನೆದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ಎನ್‌ಗಾನೂ ಕಾಲು ಬಿಡಿಸಿಕೊಂಡು, ಹೊರಳಿ, ಮೇಲೆ ಬಂದು, ಗಂಟೆ ಬಾರಿಸುವ ತನಕ ಬಿಡಲಿಲ್ಲ. 48-47, 48-47, 49-46. ಸರ್ವಾನುಮತದ ಗೆಲುವು.

ಬೆಲ್ಟ್ ಕಟ್ಟಲು ಡೇನಾ ವೈಟ್ ಬರಲಿಲ್ಲ, ಕಂಪನಿಯ ಇನ್ನೊಬ್ಬ ಅಧಿಕಾರಿ ಕಟ್ಟಿದರು. ರಾಜ್ಯದ ಕ್ರೀಡಾ ಆಯೋಗ ಬಹಿರಂಗಪಡಿಸಿದ ಸಂಭಾವನೆ: ಚಾಂಪಿಯನ್‌ಗೆ 6 ಲಕ್ಷ ಡಾಲರ್, ಗಾನ್ ಅವರಿಗೆ 5 ಲಕ್ಷ. ಆಗಿನ ಲೆಕ್ಕದಲ್ಲಿ 6 ಲಕ್ಷ ಡಾಲರ್ ಎಂದರೆ ಸುಮಾರು ನಾಲ್ಕೂವರೆ ಕೋಟಿ ರೂಪಾಯಿ. ನಮಗೆ ಕೇಳಲು ದೊಡ್ಡ ಮೊತ್ತ. ಅದರಲ್ಲಿ ಕೋಚ್‌ಗಳಿಗೆ, ಮ್ಯಾನೇಜರ್‌ಗೆ, ಅಭ್ಯಾಸದ ಜೊತೆಗಾರರಿಗೆ, ತೆರಿಗೆಗೆ ಕಳೆಯಬೇಕು. ಹೆವಿವೇಟ್ ಬಾಕ್ಸಿಂಗ್‌ನ ದೊಡ್ಡ ಚಾಂಪಿಯನ್‌ಗಳು ಒಂದು ರಾತ್ರಿಗೆ ಪಡೆಯುವುದರ ಪಕ್ಕ ಇಟ್ಟರೆ ಇದು ಚಿಲ್ಲರೆ.

ಕಾದ ವರ್ಷ

ಮಾರ್ಚ್‌ನಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆ. ಚೇತರಿಕೆಗೆ ಒಂಬತ್ತು ತಿಂಗಳ ಲೆಕ್ಕ. ಈ ಒಂಬತ್ತು ತಿಂಗಳೇ ಪ್ರಕರಣದ ಗಂಟು ಬಿಚ್ಚಿದ್ದು. ಆರೋಗ್ಯವಾಗಿದ್ದಿದ್ದರೆ ಕಂಪನಿ ಫೈಟ್ ಮುಂದಿಡುತ್ತಿತ್ತು. ಒಪ್ಪಿದರೆ ಸೋಲುವ ಅಪಾಯ, ಒಲ್ಲೆ ಎಂದರೆ ತಪ್ಪಿಸಿಕೊಂಡ ಎಂಬ ಅಪವಾದ. ಕಾಲು ಕಟ್ಟಿಕೊಂಡು ಮಲಗಿದವನ ಮುಂದೆ ಏನನ್ನೂ ಇಡುವಂತಿರಲಿಲ್ಲ, ದಿನಗಳು ಮಾತ್ರ ಡಿಸೆಂಬರ್ ಕಡೆಗೆ ಉರುಳುತ್ತಿದ್ದವು. ಅನಾಹೈಮ್‌ನಲ್ಲಿ ಎಲ್ಲವನ್ನೂ ಕಸಿಯಬಹುದಾಗಿದ್ದ ಆ ಮೊಣಕಾಲೇ ಅವರನ್ನು ಗಡಿ ದಾಟಿಸಿತು.

ನಡುವೆ ಮಾತುಕತೆ ನಡೆಯಿತು. ಹಿಂದಿನದಕ್ಕಿಂತ ಎಷ್ಟೋ ಪಟ್ಟು ಹಣ ಕೊಡಲು ಯುಎಫ್‌ಸಿ ಮುಂದೆ ಬಂತು. ಕಂಪನಿಯ ಚರಿತ್ರೆಯಲ್ಲೇ ಅತಿ ಹೆಚ್ಚು ಸಂಭಾವನೆಯ ಹೆವಿವೇಟ್ ಆಗುತ್ತಿದ್ದರು ಎಂದು ವೈಟ್ ನಂತರ ಹೇಳಿದರು. ಲೈಟ್ ಹೆವಿವೇಟ್ ವರ್ಗದ ಮಾಜಿ ಚಾಂಪಿಯನ್ ಜಾನ್ ಜೋನ್ಸ್ ಎದುರು ಫೈಟ್ ಇಡುವ ಮಾತೂ ಇತ್ತು. ಎನ್‌ಗಾನೂ ಹಣದ ಜೊತೆಗೆ ಇನ್ನೂ ಕೆಲವು ಕೇಳಿದ್ದರು: ಆಟಗಾರರಿಗೆ ಆರೋಗ್ಯ ವಿಮೆ, ತಮ್ಮದೇ ಪ್ರಾಯೋಜಕರನ್ನು ತರುವ ಹಕ್ಕು, ಕಂಪನಿಯ ಆಡಳಿತ ಸಭೆಗಳಲ್ಲಿ ಆಟಗಾರರ ಪರ ಮಾತಾಡಲು ಒಬ್ಬರು, ಬಾಕ್ಸಿಂಗ್ ಆಡುವ ಸ್ವಾತಂತ್ರ್ಯ. ಇವುಗಳಲ್ಲಿ ಎರಡು ಅವರೊಬ್ಬರಿಗಾಗಿ ಕೇಳಿದವಲ್ಲ. ವಿಮೆ ಬೇಕಾಗಿದ್ದದ್ದು ಆರಂಭದ ಫೈಟ್‌ಗಳಲ್ಲಿ ಖಾಲಿ ಕುರ್ಚಿಗಳ ಮುಂದೆ ಆಡುವ, ಹೆಸರೂ ಗೊತ್ತಿಲ್ಲದ ಹುಡುಗರಿಗೆ.

2023ರ ಜನವರಿ 14ರಂದು ವೈಟ್ ಪತ್ರಕರ್ತರ ಮುಂದೆ ಎನ್‌ಗಾನೂ ಅವರನ್ನು ಬಿಟ್ಟಿರುವುದಾಗಿ ಘೋಷಿಸಿದರು. ಕಡಿಮೆ ದರ್ಜೆಯ ಎದುರಾಳಿಗಳ ಜೊತೆ ಹೆಚ್ಚು ಹಣಕ್ಕೆ ಆಡಲು ಹೋಗುತ್ತಿದ್ದಾರೆ ಎಂಬ ಧಾಟಿ ಅವರ ಮಾತಿನಲ್ಲಿತ್ತು. ಮಾರ್ಚ್ 4ರಂದು ಖಾಲಿ ಬಿದ್ದ ಬೆಲ್ಟ್‌ಗಾಗಿ ಜೋನ್ಸ್ ಮತ್ತು ಗಾನ್ ಆಡಿದರು. ಜೋನ್ಸ್ ಎರಡು ನಿಮಿಷ ನಾಲ್ಕು ಸೆಕೆಂಡಿನಲ್ಲಿ ಕತ್ತು ಹಿಸುಕಿ ಗೆದ್ದರು. ಎನ್‌ಗಾನೂ ಹೆದರಿ ಓಡಿದರು ಎಂದು ಎಷ್ಟೋ ಅಭಿಮಾನಿಗಳು ಬರೆದರು. ಹರಿದ ಮೊಣಕಾಲಲ್ಲಿ ಗಾನ್ ಎದುರು 25 ನಿಮಿಷ ನಿಂತವರ ಬಗ್ಗೆ ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ, ಈಗಲೂ ಇಲ್ಲ. ಆದರೆ ಜೋನ್ಸ್ ಮತ್ತು ಎನ್‌ಗಾನೂ ಆಗ ಎದುರುಬದುರಾಗದೆ ಹೋದದ್ದು ಈ ಆಟಕ್ಕೆ ಆದ ನಷ್ಟ ಎಂಬುದನ್ನು ಅಲ್ಲಗಳೆಯಲಾರೆ.

ಹೊರಗೆ ಸಿಕ್ಕಿದ್ದು, ಕಳೆದದ್ದು

2023ರ ಮೇ 16ರಂದು ಯುಎಫ್‌ಸಿಯ ಪ್ರತಿಸ್ಪರ್ಧಿ ಎಂಎಂಎ ಸಂಸ್ಥೆ ಪಿಎಫ್‌ಎಲ್‌ಗೆ ಸಹಿ ಹಾಕಿದರು. ಅಲ್ಲಿ ಬಾಕ್ಸಿಂಗ್ ಆಡುವ, ಪ್ರಾಯೋಜಕರನ್ನು ತರುವ, ಸಲಹಾ ಮಂಡಳಿಯಲ್ಲಿ ಆಟಗಾರರ ಪರ ಕೂರುವ ಅವಕಾಶ ಸಿಕ್ಕಿತು, ಪಿಎಫ್‌ಎಲ್ ಆಫ್ರಿಕಾದ ಅಧ್ಯಕ್ಷಗಿರಿಯೂ ಬಂತು. ಇನ್ನೊಂದು ಷರತ್ತು ಅವರೇ ಹಾಕಿಸಿದ್ದು: ತನ್ನೆದುರು ಆಡುವವನಿಗೆ ಕನಿಷ್ಠ 20 ಲಕ್ಷ ಡಾಲರ್ ಸಿಗಬೇಕು.

ಅಕ್ಟೋಬರ್ 28ರಂದು ರಿಯಾದ್‌ನಲ್ಲಿ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಟೈಸನ್ ಫ್ಯೂರಿ ಎದುರು ಜೀವನದ ಮೊದಲ ವೃತ್ತಿಪರ ಬಾಕ್ಸಿಂಗ್ ಪಂದ್ಯ. ಮೂರನೇ ಸುತ್ತಿನಲ್ಲಿ ಎಡಗೈಯ ಏಟಿಗೆ ಫ್ಯೂರಿ ನೆಲಕ್ಕೆ ಬಿದ್ದರು. ತೀರ್ಪು ಒಡೆಯಿತು, ಇಬ್ಬರು ಫ್ಯೂರಿ ಪರ, ಒಬ್ಬರು ಎನ್‌ಗಾನೂ ಪರ. ಒಂದು ಸುತ್ತಿನ ಅಂಕ ಆಚೀಚೆ ಆಗಿದ್ದರೆ ಬಾಕ್ಸಿಂಗ್ ಚರಿತ್ರೆಯಲ್ಲೇ ಅಂಥ ಇನ್ನೊಂದು ಗೆಲುವು ಇರುತ್ತಿರಲಿಲ್ಲ. ಯುಎಫ್‌ಸಿಯಲ್ಲಿ ಅಷ್ಟು ವರ್ಷ ಗಳಿಸಿದ್ದಕ್ಕಿಂತ ಹೆಚ್ಚು ಆ ಒಂದು ರಾತ್ರಿ ಬಂತು. 2024ರ ಮಾರ್ಚ್ 8ರಂದು ಅದೇ ರಿಯಾದ್‌ನಲ್ಲಿ ಮಾಜಿ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಆಂತನಿ ಜೋಶುವಾ ಎರಡೇ ಸುತ್ತಿನಲ್ಲಿ ಅವರನ್ನು ಮಲಗಿಸಿದರು. ನೋಡಲು ಕಷ್ಟವಾದ ಸೋಲು ಅದು. ಮುಂದಿನ ತಿಂಗಳು ಹದಿನೈದು ತಿಂಗಳ ಮಗ ಕೋಬೆ ತೀರಿಕೊಂಡ. ಅದರ ಬಗ್ಗೆ ಬರೆಯಲು ನನ್ನಲ್ಲಿ ಪದಗಳಿಲ್ಲ.

ಇತ್ತ ಕುಂಗ್ ಲೀ ಮೊಕದ್ದಮೆಯಲ್ಲಿ 33.5 ಕೋಟಿ ಡಾಲರ್‌ನ ರಾಜಿಯನ್ನು ನ್ಯಾಯಾಧೀಶರು 2024ರ ಜುಲೈನಲ್ಲಿ ತಳ್ಳಿಹಾಕಿದರು. ಕೊನೆಗೆ 37.5 ಕೋಟಿ ಡಾಲರ್‌ಗೆ ಒಪ್ಪಿಗೆ ಸಿಕ್ಕಿದ್ದು 2025ರ ಫೆಬ್ರವರಿಯಲ್ಲಿ. ಆ ಹಣ 2010ರ ಡಿಸೆಂಬರ್‌ನಿಂದ 2017ರ ಜೂನ್ ತನಕ ಆಡಿದವರಿಗೆ. ಹಳೆಯ ಗಾಯಕ್ಕೆ ಮುಲಾಮು ಸಿಕ್ಕಿತು, ಆದರೆ ಆ ಹಣದಿಂದ ಕಣದ ನಿಯಮ ಬದಲಾಗಲಿಲ್ಲ.

ಇದನ್ನೆಲ್ಲ ಕನ್ನಡದಲ್ಲಿ ಬರೆಯಲು ಕಾರಣವಿದೆ. ಅಂಶುಲ್ ಜುಬ್ಲಿ, ಪೂಜಾ ತೋಮರ್ ಯುಎಫ್‌ಸಿ ಮೆಟ್ಟಿಲು ಹತ್ತಿದ ಮೇಲೆ, 2024ರ ಜೂನ್‌ನಲ್ಲಿ ಪೂಜಾ ಅಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದ ಮೇಲೆ, ಆ ಪಂಜರದ ಕನಸು ನಮ್ಮ ಹುಡುಗರಿಗೂ ದೂರದ್ದಲ್ಲ. ಬೆಳಗಾವಿ, ದಾವಣಗೆರೆಯ ಗರಡಿಯಲ್ಲಿ ಬೆಳೆದ ಮೈಗೆ ಮುಷ್ಟಿಯಾಟ ಕಲಿಸಬಹುದು. ಒಪ್ಪಂದ ಓದುವುದನ್ನು ಗರಡಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ಐದು ವರ್ಷದ ಗಡಿ ಎಲ್ಲಿದೆ, ಗೆದ್ದರೆ ಯಾವ ಷರತ್ತು ಜಾರಿಗೆ ಬರುತ್ತದೆ, ಗಾಯವಾದಾಗ ಕಳೆದ ತಿಂಗಳುಗಳು ಒಪ್ಪಂದದ ಅವಧಿಗೆ ಸೇರುತ್ತವೋ ಇಲ್ಲವೋ, ಸಹಿಗೆ ಮುಂಚೆ ವಕೀಲರ ಬಳಿ ಕೂತು ಕೇಳಲೇಬೇಕು. ಎನ್‌ಗಾನೂ ಅವರಂತೆ ಎಲ್ಲರೂ ಹೊರಬರಬಹುದು ಎಂದು ಮಾತ್ರ ನಾನು ಹೇಳಲಾರೆ. ಅವರ ಕೈಯಲ್ಲಿ ಬೆಲ್ಟ್ ಇತ್ತು, ಹೆವಿವೇಟ್ ಹೆಸರಿತ್ತು, ಸೌದಿಯ ಹಣ ಬಂದು ಸೇರುವ ಕಾಲವೂ ಅದೇ ಆಗಿತ್ತು. 125 ಪೌಂಡ್ ವರ್ಗದಲ್ಲಿ ಎಂಟನೇ ಸ್ಥಾನದಲ್ಲಿರುವವನು ಒಂದು ವರ್ಷ ಸುಮ್ಮನೆ ಕೂತರೆ ಅವನ ಜಾಗಕ್ಕೆ ಇನ್ನೊಬ್ಬ ಬಂದಿರುತ್ತಾನೆ.

2024ರ ಅಕ್ಟೋಬರ್ 19. ಅನಾಹೈಮ್ ಆದ ಮೇಲೆ 33 ತಿಂಗಳು ಕಳೆದು, 38ರ ವಯಸ್ಸಿನಲ್ಲಿ, ಎನ್‌ಗಾನೂ ಮತ್ತೆ ಎಂಎಂಎ ಪಂಜರಕ್ಕೆ ಬಂದರು. ಎದುರಿಗೆ ಬ್ರೆಜಿಲ್‌ನ ರೆನನ್ ಫೆರೇರಾ, ಎತ್ತರದಲ್ಲಿ ಎನ್‌ಗಾನೂ ಅವರನ್ನೂ ಮೀರಿದವರು. ಎನ್‌ಗಾನೂ ಏಟಾಡುತ್ತಾ ನಿಲ್ಲಲಿಲ್ಲ, ಕೆಡವಿದರು. ಮೇಲೆ ಕೂತು ಮೊದಲ ಸುತ್ತಿನಲ್ಲೇ ಮುಗಿಸಿದರು. ಗೆಲುವನ್ನು ಕೋಬೆಯ ಹೆಸರಿಗೆ ಅರ್ಪಿಸಿ ಅತ್ತರು. ಸೋತ ಫೆರೇರಾ ಅವರಿಗೆ ಆ ರಾತ್ರಿ ಖಾತ್ರಿಯಾಗಿದ್ದ ಮೊತ್ತ, ಅನಾಹೈಮ್‌ನಲ್ಲಿ ಗೆದ್ದ ಚಾಂಪಿಯನ್‌ಗೆ ಸಿಕ್ಕಿದ್ದರ ಮೂರು ಪಟ್ಟಿಗಿಂತ ಹೆಚ್ಚು.